ಆರ್ಡಿಸ್ ಟ್ವೈಟಳ ಡೈಯೊಳಗಿನ ಗೀರು

ಆರ್ಡಿಸ್ ಟ್ವೈಟ್ ಮೂವತ್ತೊಂದು ವರ್ಷ ನಮ್ಮೂರಿನ ಶಾಲೆಯ ಬಸ್ಸು ಓಡಿಸಿದವಳು. ಉತ್ತರ ಮೊಂಟಾನಾದ ಹಿಮದಲ್ಲೂ ಹೊತ್ತು ತಪ್ಪಿಸಿದವಳಲ್ಲ. ಗಂಡ ತೀರಿಕೊಂಡ ಮೇಲೆ ಅವನ ರೈಫಲ್ಲೂ ಗ್ಯಾರೇಜಿನಲ್ಲಿದ್ದ ತೋಟಾ ತುಂಬುವ ಸಲಕರಣೆಗಳೂ ಅವಳ ಪಾಲಿಗೆ ಬಂದವು. ಹಾರಿಸಿದಾಗ ಹಿಗ್ಗಿದ ಕೇಸನ್ನು, ಅಂದರೆ ತೋಟಾದ ಹಿತ್ತಾಳೆ ಕೊಳವೆಯನ್ನು, ಡೈ ಎಂಬ ಉಕ್ಕಿನ ಅಚ್ಚಿನೊಳಗೆ ಒತ್ತಿ ಹಳೆಯ ಅಳತೆಗೆ ತರುವುದು, ಮತ್ತೆ ಮದ್ದು ತುಂಬಿ ಗುಂಡು ಕೂರಿಸುವುದು, ಎಲ್ಲವನ್ನೂ ಅವಳು ತಾನಾಗಿ ಕಲಿತಳು. ಕೆಲವೇ ವರ್ಷಗಳಲ್ಲಿ ಬಂದೂಕು ಕ್ಲಬ್ಬಿನ ಗಂಡಸರು ಅನುಮಾನ ಬಂದಾಗಲೆಲ್ಲ ಅವಳ ಬಳಿಗೆ ಹೋಗತೊಡಗಿದರು. ನಾನೂ ಹೋಗಿದ್ದೇನೆ.

ಒಂದು ಸೆಪ್ಟೆಂಬರಿನಲ್ಲಿ, ಹುಲ್ಲೆ ಬೇಟೆಗೆ ಇನ್ನೊಂದು ತಿಂಗಳಿರುವಾಗ, ಡೈಯಿಂದ ಹೊರಬಂದ ಪ್ರತಿ ಕೇಸಿನ ಮೇಲೂ ಉದ್ದಕ್ಕೊಂದು ಗೀರು ಕಾಣಿಸಿತು. ಉಗುರು ತಡೆಯುವಷ್ಟು ಆಳದ ಗೀರು. ಆರ್ಡಿಸ್ ಅಂಥದ್ದೊಂದು ಕೇಸನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಒತ್ತಿದಳು. ಎದುರು ಬದಿಯಲ್ಲಿ ಇನ್ನೊಂದು ಗೀರು, ತೆಳ್ಳಗೆ ಮೂಡಿತು. ಅಲ್ಲಿಗೆ ದೋಷ ಡೈಯೊಳಗಿದೆ ಎಂದು ಖಾತ್ರಿಯಾಯಿತು. ಟಾರ್ಚು ಹಿಡಿದು ನೋಡಿದರೆ ಒಳಗೋಡೆಗೆ ಹಿತ್ತಾಳೆಯ ಎಳೆಯೊಂದು ಅಂಟಿ ಹೊಳೆಯುತ್ತಿತ್ತು.

ಮರಳು ಹೊಕ್ಕಿರಬೇಕು ಎಂದುಕೊಂಡಳು. ಆ ವಾರದ ಕೇಸುಗಳನ್ನು ಕ್ಲಬ್ಬಿನ ಜಲ್ಲಿ ನೆಲದಿಂದ ಹೆಕ್ಕಿ, ತೊಳೆದು ತಂದುಕೊಟ್ಟವನು ಅವಳ ಗಂಡನ ತಮ್ಮ ಲೈಲ್. ಶನಿವಾರ ಕ್ಲಬ್ಬಿನಲ್ಲಿ ನಾವೆಲ್ಲ ಪ್ಯಾನ್‌ಕೇಕ್ ತಿನ್ನುತ್ತಿದ್ದಾಗ ಅವನನ್ನೇ ನೋಡಿ ಕೇಳಿದಳು:

“ಲೈಲ್, ನೀನು ಕೇಸು ನೀರಲ್ಲಿ ತೊಳೀತೀಯೋ, ಇಲ್ಲಾ ನೀರಿನ ಫೋಟೋ ತೋರಿಸಿ ತರ್ತೀಯೋ?”

ಎಲ್ಲರೂ ನಕ್ಕೆವು. ತೊಳೆದೇ ಕೊಟ್ಟಿದ್ದೆ ಎಂದು ಲೈಲ್ ಹೇಳಿದ್ದು ಆ ನಗುವಿನಲ್ಲಿ ಯಾರಿಗೂ ಕೇಳಲಿಲ್ಲ. ಮುಂದಿನ ಶನಿವಾರ ಅವನು ಬರಲಿಲ್ಲ. ಅದರ ಮುಂದಿನ ಶನಿವಾರವೂ.

ಆರ್ಡಿಸ್ ಡೈ ಬಿಚ್ಚಿ, ಕೋಲಿಗೆ ಬಟ್ಟೆ ಸುತ್ತಿ, ಪಾಲಿಷ್ ಹಚ್ಚಿ ಆ ಎಳೆಯನ್ನು ತಿಕ್ಕಿ ತೆಗೆದಳು. ತಾನೇ ಹಾರಿಸಿ, ತಾನೇ ತೊಳೆದ ಕೇಸುಗಳನ್ನು ಒತ್ತಿದಳು. ಮೂರನೆಯದರ ಮೇಲೆ ಮತ್ತೆ ಗೀರು. ಇವಕ್ಕೆ ಮರಳಿನ ಸೋಂಕೇ ಇರಲಿಲ್ಲ. ಕೈ ನಿಲ್ಲಿಸಿ ಕೂತು ಯೋಚಿಸಿದಳು. ಹೊಸದಾಗಿ ಬದಲಾದದ್ದು ಒಂದೇ: ಆಗಸ್ಟಿನಲ್ಲಿ ಅವಳು ಕೇಸು ಡೈಯೊಳಗೆ ಜಾರಲೆಂದು ಬೆರಳಿನಿಂದ ಹಚ್ಚುತ್ತಿದ್ದ ಜಿಡ್ಡು ಬಿಟ್ಟು, ಸಿಂಪಡಿಸುವ ಜಿಡ್ಡಿನ ಸ್ಪ್ರೇ ತಂದಿದ್ದಳು. ಕನ್ನಡಕ ಹಾಕಿಕೊಂಡು ಡಬ್ಬಿಯ ಸಣ್ಣ ಅಕ್ಷರ ಓದಿದಳು. ಸಿಂಪಡಿಸಿದ ಮೇಲೆ ಐದು ನಿಮಿಷ ಆರಲು ಬಿಡಬೇಕು ಎಂದಿತ್ತು. ಅವಳು ಹಸಿಯಾಗಿದ್ದಾಗಲೇ ಒತ್ತುತ್ತಿದ್ದಳು. ಜಿಡ್ಡು ನಿಲ್ಲದೆ ಹಿತ್ತಾಳೆ ಬರಿಯ ಉಕ್ಕಿಗೆ ಉಜ್ಜಿ, ಸುಲಿದು, ಅಲ್ಲೇ ಕಚ್ಚಿಕೊಳ್ಳುತ್ತಿತ್ತು.

ಡೈಯನ್ನು ಮತ್ತೊಮ್ಮೆ ತಿಕ್ಕಿದಳು. ಸಿಂಪಡಿಸಿ, ಒಂದು ಲೋಟ ಕಾಫಿ ಕುಡಿದು ಮುಗಿಸಿ, ಆಮೇಲೆ ನಲವತ್ತು ಕೇಸು ಒತ್ತಿದಳು. ಒಂದರ ಮೇಲೂ ಗೀರಿರಲಿಲ್ಲ.

ನೇರ ಲೈಲನ ಮನೆಗೆ ಹೋದಳು. ಅವನು ಜಗಲಿಯಲ್ಲಿ ಬಕೆಟ್ ಇಟ್ಟುಕೊಂಡು ಕೇಸು ತೊಳೆಯುತ್ತಿದ್ದ.

“ತಪ್ಪು ನಿಂದಲ್ಲ, ನಂದು,” ಎಂದಳು. “ಡಬ್ಬಿ ಮೇಲೆ ಬರೆದಿದ್ದು ಓದಿರಲಿಲ್ಲ.”

ಅವನು ತಲೆಯೆತ್ತಲಿಲ್ಲ. “ತಪ್ಪು ನಂದೇ ಅಂತ ನಾನೂ ನಂಬಿಬಿಟ್ಟಿದ್ದೆ, ಆರ್ಡಿಸ್. ಇವತ್ತು ಇವನ್ನ ಮೂರನೇ ಸಲ ತೊಳೀತಿರೋದು.”

“ಶನಿವಾರ ಬಾ. ಎಲ್ಲರ ಮುಂದೆ ಹೇಳ್ತೀನಿ.”

“ನಾನು ಬರದಿದ್ರೆ?”

“ಆಗಲೂ ಹೇಳ್ತೀನಿ.”

ಅವನು ಬರಲಿಲ್ಲ. ಆ ಶನಿವಾರ ಅವಳು ಕ್ಲಬ್ಬಿನಲ್ಲಿ ಎದ್ದು ನಿಂತು, ಡಬ್ಬಿಯನ್ನು ಮೇಜಿನ ಮೇಲಿಟ್ಟು, ಆದದ್ದನ್ನೆಲ್ಲ ಹೇಳಿದಳು. ಅಂದು ನಕ್ಕಿದ್ದ ನಾವು ತಟ್ಟೆ ನೋಡುತ್ತ ಕೂತೆವು. ಅಕ್ಟೋಬರಿನಲ್ಲಿ ಬೇಟೆ ಶುರುವಾದ ದಿನ ಅವಳ ಟ್ರಕ್ಕಿನಲ್ಲಿ ಅವಳ ಪಕ್ಕ ಲೈಲ್ ಕೂತಿದ್ದನ್ನು ಪೆಟ್ರೋಲ್ ಬಂಕಿನಲ್ಲಿ ಕಂಡೆ. ಅವನು ಅವಳಿಗೆ ಸ್ಯಾಂಡ್‌ವಿಚ್ ಬಿಚ್ಚಿ ಕೊಡುತ್ತಿದ್ದ.