ಚನ್ನಿಗಾಗಿ ಕಟ್ಟಿಸಿದ ಬಿದಿರಿನ ಗಾಡಿ

ಗೌರೀ, ತಿಮ್ಮಾ, ನಿಮ್ಮವ್ವ, ನನ್ನ ಮಗಳು ಚನ್ನಿಯನ್ನು ಕರೆತರಲು ನಾನು ಗಾಡಿಯ ಚೌಕಟ್ಟು ಹುಡುಕಿಕೊಂಡು ಪಟ್ಟಣದವರೆಗೆ ಹೋಗಿಬಂದ ಕತೆಯನ್ನು ನೀವು ಕೇಳಿದಾಗಲೆಲ್ಲ ನಾನು ಒಲೆಯ ಕಡೆ ತಿರುಗಿಬಿಡುತ್ತೇನೆ. ಬಾಯಲ್ಲಿ ಹೇಳಲು ನಾಚಿಕೆ. ಊರ ಜಗುಲಿಮಠದಲ್ಲಿ ಮರಳ ಮೇಲೆ ತಿದ್ದಿದ ಅಕ್ಷರ ಇನ್ನೂ ಕೈಯಲ್ಲಿದೆ. ಬರೆದೇ ಹೇಳುತ್ತೇನೆ.

ಗೌರೀ, ನೀನು ಹೊತ್ತಿಗೆ ಮುಂಚೆಯೇ ನಿಮ್ಮಪ್ಪನ ಊರು ಅತ್ತಿಗುಪ್ಪೆಯಲ್ಲಿ ಹುಟ್ಟಿದೆ. ಆಮೇಲೆ ಚನ್ನಿಗೆ ಸೊಂಟ ಹಿಡಿಯಿತು. ಕೂರಲೂ ಆಗದು, ನಿಲ್ಲಲೂ ಆಗದು. ಸೂಲಗಿತ್ತಿ, "ಕಾಲು ನೀಡಿ ಮಲಗಿಸ್ಕೊಂಡು ತವರಿಗೆ ಕರ್ಕೊಂಡೋಗಿ ಎಣ್ಣೆ ನೀವಿದ್ರೆ ಎದ್ದಾಳು. ದಾರೀಲಿ ಕುಲುಕಾಡಿದ್ರೆ ಮತ್ತೆ ಎದ್ದೇಳಾಕಿಲ್ಲ" ಅಂದಿದ್ದಳು. ಡೋಲಿ ಹೊರುವವರೆಲ್ಲ ಪಟ್ಟಣದ ಕೋಟೆ ಕೆಲಸಕ್ಕೆ ಹೋಗಿದ್ದರು. ನಮ್ಮ ಮನೆಯಲ್ಲಿ ಎರಡು ಎತ್ತು, ಗಟ್ಟಿ ಗಾಲಿ, ಅಚ್ಚು ಇದ್ದವು. ಮೇಲಿನ ಚೌಕಟ್ಟು ಮಾತ್ರ ಮುರಿದಿತ್ತು. ಮನುಷ್ಯರು ಮಲಗುವಷ್ಟು ಉದ್ದದ್ದೊಂದು, ನಮ್ಮ ಕೈಗೆಟಕುವಂಥದ್ದು ಬೇಕಿತ್ತು. ನಾನೂ ನನ್ನ ತಮ್ಮ ಕೆಂಪಣ್ಣನೂ ಬರಿಯ ಗಾಲಿಗಳಿಗೆ ಒಂದು ಮರ ಬಿಗಿದು, ಎತ್ತು ಹೂಡಿ, ನಾಗಮಂಗಲದಿಂದ ಹೊರಟೆವು.

ಮೊದಲ ದಿನ ಅತ್ತಿಗುಪ್ಪೆ. ಚನ್ನಿಯ ಉದ್ದ ತಿಳಿಯಲು ಕೆಂಪಣ್ಣ ಹಗ್ಗ ತೆಗೆದ. ನನ್ನ ಬೀಗಿತ್ತಿ ಅದನ್ನು ಕಿತ್ತುಕೊಂಡರು.

"ಮಲಗಿರೋಳ್ನ ಹಗ್ಗ ಇಟ್ಟು ಅಳೀತೀಯೇನ್ಲಾ? ಚಟ್ಟ ಕಟ್ಟೋರು ಅಳೀತಾರೆ ಅಂಗೆ!"

ಚನ್ನಿ ಗೋಡೆಯ ಕಡೆ ಮುಖ ತಿರುಗಿಸಿದಳು. ಮರುದಿನ ನಾವು ಅಳತೆಯಿಲ್ಲದೆಯೇ ಹೊರಟೆವು.

ಬಿಸಿಲು ಜೋರಾಗಿತ್ತು. ಮೇಲುಕೋಟೆ ಬೆಟ್ಟದ ಕೆಳಗಿನ ಅರವಟ್ಟಿಗೆಯಲ್ಲಿ ಮಜ್ಜಿಗೆ ಕುಡಿದು, ಕಟ್ಟಿಕೊಂಡಿದ್ದ ರಾಗಿ ರೊಟ್ಟಿಯನ್ನು ಹುಚ್ಚೆಳ್ಳು ಚಟ್ನಿಯಲ್ಲಿ ತಿಂದೆವು. ದಾರಿಯುದ್ದಕ್ಕೂ ನಗುವವರೇ.

"ಯಾಕ್ಲಾ, ಗಾಡಿ ಎಲ್ಲಿ ಉದುರಿಸ್ಕೊಂಡೆ?" ಅಂತ ಎಮ್ಮೆ ಕಾಯುವವನೊಬ್ಬ ಕೂಗಿದ.

"ಹಿಂದೆ ಬತ್ತಾ ಅದೆ, ನೋಡ್ತಿರು ಕಣಣ್ಣ" ಅಂದ ಕೆಂಪಣ್ಣ.

ಸುಂಕದ ಕಟ್ಟೆಯವನು ಗಾಲಿಗಳ ಸುತ್ತ ತಿರುಗಿ, "ಇದನ್ನ ಗಾಡಿ ಅನ್ನಲಾ, ಏನನ್ನಲಾ?" ಎಂದು ತಲೆ ಕೆರೆದುಕೊಂಡು, ಅರ್ಧ ಸುಂಕ ತೆಗೆದುಕೊಂಡು ಬಿಟ್ಟ.

ಹಿರೋಡೆಯಲ್ಲಿ ಉದ್ದನೆಯ ತೇಗದ ಚೌಕಟ್ಟು ಸಿಕ್ಕಿತು. ಆದರೆ ತೇಗವೆಲ್ಲ ಸುಲ್ತಾನರ ಫಿರಂಗಿ ಗಾಡಿಗಳಿಗೆ ಹೋಗುತ್ತಿದ್ದ ಕಾಲ. ಒಂದು ಎತ್ತಿನ ಬೆಲೆ ಹೇಳಿದರು. "ಎತ್ತು ಮಾರಿ ಇದನ್ನ ತಗೊಂಡ್ರೆ ಗಾಡಿ ಎಳೆಯೋದು ನೀನೂ ನಾನೂವೆ" ಅಂದ ಕೆಂಪಣ್ಣ.

ಮಾರನೆಯ ಬೆಳಿಗ್ಗೆ ಮೊಣಕಾಲುದ್ದ ನೀರಿನಲ್ಲಿ ಕಾವೇರಿ ದಾಟಿ ಪಟ್ಟಣಕ್ಕೆ ಬಂದು, ಗಂಜಾಮಿನ ಬಡಗಿ ಆಚಾರಿಯೊಬ್ಬರ ಅಂಗಳ ಸೇರಿದೆವು. ಅಲ್ಲಿ ಎರಡು ಚೌಕಟ್ಟುಗಳಿದ್ದವು. ಒಂದು ಹೊನ್ನೆ ಮರದ ಹಲಗೆ ಹೊಡೆದದ್ದು. ಇನ್ನೊಂದು ಜಾಲಿಯ ತೊಲೆಗಳ ನಡುವೆ ಬಿದಿರು ಸೀಳಿ ಹಗ್ಗದಲ್ಲಿ ಬಿಗಿದದ್ದು. ಬೆಲೆ ಹೊನ್ನೆಯದಕ್ಕಿಂತ ಅರ್ಧ. ಕೆಂಪಣ್ಣ ನನ್ನ ಕಿವಿಯಲ್ಲಿ, "ಬ್ಯಾಡ ಕಣಕ್ಕ. ಬಿದಿರು, ಹಗ್ಗ... ನೋಡಿದ್ರೇ ಚಟ್ಟ ಕಂಡಂಗಾಯ್ತದೆ" ಅಂದ. ನನಗೂ ಹಾಗೇ ಆಗಿತ್ತು.

ಜಗುಲಿಯಲ್ಲಿ ಹುರುಳಿ ಕೇರುತ್ತಿದ್ದ ಆಚಾರಿಯ ಹೆಂಡತಿ ಅದು ಕಿವಿಗೆ ಬಿದ್ದು ತಲೆಯೆತ್ತಿದಳು. "ಹುಟ್ಟಿದ ಕೂಸನ್ನ ಮೊದ್ಲು ಯಾತರಲ್ಲಿ ಮಲಗಿಸ್ತೀರಿ, ತಾಯಿ? ಮೊರದಲ್ಲಿ ತಾನೆ? ಮೊರ ಏನು ತೇಗದ್ದಾ?"

ನಾನು ಆ ಬಿದಿರನ್ನು ಮುಟ್ಟಿ ನೋಡಿದೆ. ಆಚಾರಿ ಉದ್ದ ಕೇಳಿದರು.  ಅಳತೆ ಯಾಕಿಲ್ಲ ಎಂದು ಕೆಂಪಣ್ಣ ಬೀಗಿತ್ತಿಯ ಮಾತನ್ನು ಹೇಳಿದ.

"ಮಗಳು ನಿಮ್ಮಷ್ಟೇ ಉದ್ದನಾ?" ಅಂತ ಆ ಹೆಂಗಸು ಕೇಳಿದಳು.

"ಊಂ."

"ಅಂಗಾದ್ರೆ ನೀವೇ ಮಲಗ್ಬುಡಿ."

ಅಂಗಳದ ತುಂಬ ಗಂಡಸರು. ನಾನು ಸೆರಗು ಹಿಡಿದು ನಿಂತೇ ಇದ್ದೆ. ಅವಳು ಮೊರ ಬೀಸಿ, "ನಡೀರಿ ಎಲ್ಲ ಆಚೆ! ತಮ್ಮಾ, ನೀನೂವೆ!" ಎಂದು ಗಂಡನನ್ನೂ ಸೇರಿಸಿ ಅಟ್ಟಿದಳು. ಅಳತೆಯಿಂದ ಕೇಡು ಬರುವುದಾದರೆ ನನಗೇ ಬರಲಿ, ನನ್ನ ಬಾಳು ಆಯಿತಲ್ಲ ಎಂದುಕೊಂಡು ಮಲಗಿದೆ. ಅವಳು ನೆತ್ತಿಯಿಂದ ಹಿಮ್ಮಡಿಯವರೆಗೆ ದಾರ ಹಿಡಿದು, ಮೇಲೊಂದು ಮೊಳ ಸೇರಿಸಿದಳು. "ಇದು ಕೂಸಿಗೆ" ಅಂದಳು.

ಆಮೇಲೆ ಆಚಾರಿ ಎರಡು ಚೌಕಟ್ಟುಗಳನ್ನೂ ಒಂದಾದ ಮೇಲೊಂದು ನಮ್ಮ ಗಾಲಿಗಳ ಮೇಲೆ ಕಟ್ಟಿ, ನನ್ನನ್ನು ಮಲಗಿಸಿಯೇ ಹೊಳೆದಂಡೆಯ ಕಲ್ಲುಗಳ ಮೇಲೆ ಓಡಿಸಿದರು. ಮುಖದ ಮೇಲೆ ಸೆರಗೆಳೆದುಕೊಂಡೆ. ಹೊನ್ನೆಯ ಹಲಗೆಯಲ್ಲಿ ಒಂದೊಂದು ಕಲ್ಲೂ ಸೊಂಟಕ್ಕೆ ಬಡಿಯಿತು. ಬಿದಿರಿನದರಲ್ಲಿ ಕಲ್ಲು ಸಿಕ್ಕಾಗ ಮೈ ಸುಮ್ಮನೆ ತೂಗಿತು, ಅಷ್ಟೆ. ನಾನು ಎದ್ದು ಕೂತು ಎಲ್ಲರ ಎದುರಿಗೆ, "ಇದೇ ಬೇಕು" ಅಂದುಬಿಟ್ಟೆ.

"ಅಕ್ಕ ಮಾತಾಡ್ಬುಟ್ಳು ಕಣ್ರಪ್ಪೋ!" ಅಂತ ಕೆಂಪಣ್ಣ ಕೂಗಿದ.

ಅದನ್ನೇ ನನ್ನ ಅಳತೆಗೆ ಉದ್ದ ಮಾಡಿಕೊಡುವವರೆಗೆ ಅವರ ಜಗುಲಿಯಲ್ಲೇ ಇದ್ದೆವು. ಆ ತಾಯಿ ದಿನವೂ ಬಿಸಿ ಮುದ್ದೆ ಬಡಿಸಿದಳು.

ಅತ್ತಿಗುಪ್ಪೆಯಲ್ಲಿ ಬೀಗಿತ್ತಿ ಬಿದಿರು ಕಂಡು ಬಾಗಿಲಲ್ಲೇ ನಿಂತರು. ನಾನು ನೆಲ ನೋಡುತ್ತ, "ಅಳೆದದ್ದು ನನ್ನ ಮೈಯನ್ನ, ಚನ್ನೀದಲ್ಲ" ಅಂದೆ. ಅವರು ಒಳಗೆ ಹೋದರು. ತಾವು ಇನ್ನೂ ಹೊದೆಯದ ಹೊಸ ಕಂಬಳಿ ತಂದು ಗಾಡಿಯಲ್ಲಿ ಹರಡಿದ್ದ ಹುಲ್ಲಿನ ಮೇಲೆ ತಾವೇ ಹಾಸಿದರು.

ಬೆಳಕು ಹರಿಯುವ ಮುಂಚೆ ಹೊರಟೆವು. ಚನ್ನಿಯ ತಲೆಯ ಹತ್ತಿರ, ಹೆಚ್ಚಿನ ಆ ಮೊಳದಲ್ಲಿ, ಗೌರೀ, ನೀನು. ಕೆಂಪಣ್ಣ ಎತ್ತುಗಳ ಮುಂದೆ ನಡೆದ, ನಾನು ಚೌಕಟ್ಟು ಹಿಡಿದು ಪಕ್ಕದಲ್ಲಿ. ನೀನು ಅತ್ತಾಗ ಚನ್ನಿ ಅರೆಗಣ್ಣಿನಲ್ಲೇ ಹಾಲೂಡಿ ಮತ್ತೆ ಮಲಗುತ್ತಿದ್ದಳು. ಹಳ್ಳ ದಾಟುವಾಗ ನನ್ನ ಉಸಿರು ನಿಂತಿತ್ತು. ಅವಳದು ನಿದ್ದೆಯಲ್ಲಿ ನಡೆದೇ ಇತ್ತು. ಹೊತ್ತು ಮುಳುಗುವಾಗ ನಾಗಮಂಗಲದಲ್ಲಿ ನಮ್ಮ ಬಾಗಿಲ ಮುಂದೆ ಎತ್ತು ನಿಂತವು. ಚನ್ನಿ ಕಣ್ಣು ಬಿಟ್ಟು, "ಯಾಕವ್ವಾ, ಇನ್ನೂ ಹೊರಡ್ಲಿಲ್ವಾ?" ಎಂದು ಕೇಳಿದಳು.

ಎಣ್ಣೆ ನೀವಿ ನೀವಿ ಅವಳು ಎದ್ದು ಓಡಾಡಿದ ಮೇಲೆಯೇ, ತಿಮ್ಮಾ, ನೀನು ಹುಟ್ಟಿದ್ದು. ಮಕ್ಕಳೇ, ಇದನ್ನು ನನ್ನೆದುರು ಗಟ್ಟಿಯಾಗಿ ಓದಬೇಡಿ. ಬಟ್ಟೆಯಲ್ಲಿ ಸುತ್ತಿ, ಅಟ್ಟದಲ್ಲಿ ನೀರು ತಾಗದ ಕಡೆ ಜೋಪಾನವಾಗಿ ಇಟ್ಟುಕೊಳ್ಳಿ.