ಕ್ಯಾಲಿಪರ್‌ಗೆ ಇಟ್ಟ ಕುಂಕುಮ

ನಮ್ಮ ಮನೆಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮಾತೆತ್ತಿದರೆ ಸಾಕು, ಅಪ್ಪ ಮುಖ ಗಂಟು ಹಾಕಿಕೊಳ್ಳುತ್ತಿದ್ದರು. ಮೈಸೂರಿನಲ್ಲಿ ಅವರು ಓದಿದ್ದೂ ಅದನ್ನೇ. ಓದು ಮುಗಿದದ್ದೇ ಸಾಫ್ಟ್‌ವೇರಿಗೆ ಸೇರಿದವರು ಮತ್ತೆ ಕಾರ್ಖಾನೆಯ ಕಡೆ ತಲೆ ಹಾಕಿರಲಿಲ್ಲ. "ನನ್ ಜೊತೆ ಓದಿದೋರೆಲ್ಲಾ ಇವತ್ತು ಕೋಡಿಂಗೇ ಮಾಡ್ತಿರೋದು. ನೀನ್ಯಾಕೆ ಸುತ್ತಿ ಬಳಸಿ ಹೋಗ್ತೀಯ? ನೇರ ಅಲ್ಲಿಗೇ ಹೋಗು," ಎನ್ನುತ್ತಿದ್ದರು. ಅಮೆರಿಕದ ಶಾಮ್‌ಬರ್ಗಿನಲ್ಲಿ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದ ಅಂಕಲ್‌ಗಳೆಲ್ಲ ಹೌದೌದು ಎಂದು ತಲೆಯಾಡಿಸುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ನನಗೆ ಈ ಹುಚ್ಚು ಹಿಡಿಸಿದ್ದು ಹೈಸ್ಕೂಲಿನ ಎಂಜಿನಿಯರಿಂಗ್ ಕ್ಲಬ್. ಅವರು ನಮ್ಮನ್ನು ಮೊದಲು ಕರೆದುಕೊಂಡು ಹೋದದ್ದು ಹತ್ತಿರದ ಒಂದು ಗೇರ್ ಕಾರ್ಖಾನೆಗೆ. ಉಕ್ಕಿನ ಬಿಲ್ಲೆಯ ಅಂಚನ್ನು ಯಂತ್ರ ಒಂದೇ ಸಮನೆ ಕೊರೆಯುತ್ತಿತ್ತು, ಹಾಲಿನ ಬಣ್ಣದ ನೀರು ಅದರ ಮೇಲೆ ಸುರಿಯುತ್ತಲೇ ಇತ್ತು. ನೋಡನೋಡುತ್ತ ಹಲ್ಲುಗಳು ಮೂಡಿದವು. ಉಳಿದವರು ಮುಂದೆ ಹೋದರೂ ನಾನು ಅಲ್ಲೇ ನಿಂತಿದ್ದೆ. ಎಣ್ಣೆ ವಾಸನೆ ಹೊತ್ತು ಮನೆಗೆ ಬಂದವಳನ್ನು ಅಮ್ಮ ನೇರ ಬಚ್ಚಲಿಗೆ ಅಟ್ಟಿದಳು.

ಆ ವರ್ಷದ ಹುಟ್ಟುಹಬ್ಬಕ್ಕೆ ಬಟ್ಟೆ ಬೇಡ, ಕ್ಯಾಲಿಪರ್ ಬೇಕು ಎಂದು ಹಟ ಹಿಡಿದೆ. ವಸ್ತುವನ್ನು ಎರಡು ದವಡೆಗಳ ನಡುವೆ ಹಿಡಿದು ದಪ್ಪ ಅಳೆಯುವ ಉಕ್ಕಿನ ಸಾಧನ ಅದು. ಅದು ಕೈಗೆ ಬಂದದ್ದೇ ಅಮ್ಮನ ಬಳೆ, ಚಕ್ಕುಲಿ, ಅಪ್ಪನ ಪೆನ್ನು, ಯಾವುದನ್ನೂ ಅಳೆಯದೆ ಬಿಡಲಿಲ್ಲ. ಅಪ್ಪ ಅದಕ್ಕೆ 'ಇವಳ ಹಾಬಿ' ಎಂದು ಹೆಸರಿಟ್ಟರು. ಆ ಪದ ಕೇಳಿದರೇ ನನಗೆ ಸಿಟ್ಟು.

ಕಾಲೇಜಿಗೆ ಅಪ್ಲೈ ಮಾಡುವ ಹೊತ್ತಿಗೆ ಕ್ಲಬ್ಬಿನವರು ಡೆಟ್ರಾಯ್ಟ್ ಹತ್ತಿರದ ಒಂದು ಕಾರು ತಯಾರಿಸುವ ಕಾರ್ಖಾನೆಗೆ ಹೊರಟರು. ಮಕ್ಕಳ ಜೊತೆ ಹಿರಿಯರೂ ಇರಬೇಕಿತ್ತು. ಅಪ್ಪ ತಾವೇ ಹೆಸರು ಕೊಟ್ಟರು. ನಾನೂ ಬಂದು ನೋಡುತ್ತೇನೆ, ಆಮೇಲೆ ಯಾವುದಕ್ಕೆ ಅಪ್ಲೈ ಮಾಡಬೇಕೆಂದು ತೀರ್ಮಾನಿಸೋಣ ಎಂದರು. ಅವರ ತೀರ್ಮಾನ ಏನೆಂದು ನನಗೆ ಗೊತ್ತಿತ್ತು. ಆ ಒಂದು ದಿನದಲ್ಲಿ ಅದನ್ನು ಬದಲಿಸಲೇಬೇಕಿತ್ತು.

ಅದಕ್ಕೆ ಮುಂಚಿನ ವಾರಾಂತ್ಯ ಆಯುಧಪೂಜೆ. ಕಾರಿನ ಚಕ್ರಕ್ಕೆ ನಿಂಬೆಹಣ್ಣಾಯಿತು. ದೇವರ ಮುಂದೆ ಅಪ್ಪನ ಲ್ಯಾಪ್‌ಟಾಪ್, ಅಮ್ಮನ ಮಿಕ್ಸಿ, ಈಳಿಗೆಮಣೆ ಕೂತವು. ಪಕ್ಕದಲ್ಲಿ ನನ್ನ ಕ್ಯಾಲಿಪರನ್ನೂ ಇಟ್ಟೆ. ಅಮ್ಮ ಒದ್ದೆ ಬೆರಳಿನಿಂದ ಎಲ್ಲಕ್ಕೂ ಅರಿಶಿನ ಕುಂಕುಮ ಇಡುತ್ತ ಬಂದಳು. ಮರುದಿನ ನಾನು ಕ್ಯಾಲಿಪರನ್ನು ಅದರ ಪೆಟ್ಟಿಗೆಗೆ ಹಾಕಿಟ್ಟೆ.

ಡೆಟ್ರಾಯ್ಟಿನ ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ ಬಡಿದಾಗಲೆಲ್ಲ ನೆಲ ನಡುಗುತ್ತಿತ್ತು. ಅಪ್ಪ ಸೇಫ್ಟಿ ಕನ್ನಡಕ ಹಾಕಿಕೊಂಡು ಹಿಂದೆ ಬರುತ್ತಿದ್ದರು. ಕೊನೆಗೆ ಅಳತೆಯ ಕೋಣೆಯಲ್ಲಿ ನಮ್ಮನ್ನು ಸುತ್ತಿಸುತ್ತಿದ್ದ ಎಂಜಿನಿಯರ್ ಹೆಂಗಸು ಒಂದು ಶಾಫ್ಟ್, ಅಂದರೆ ಉಕ್ಕಿನ ದುಂಡು ಸರಳು, ಕೊಟ್ಟು ಎಲ್ಲರಿಗೂ ಅಳೆಯಲು ಹೇಳಿದಳು. ನಾನು ಮನೆಯಿಂದ ತಂದಿದ್ದ ನನ್ನದೇ ಕ್ಯಾಲಿಪರಿನಲ್ಲಿ ಅಳೆದೆ. ಎಲ್ಲರದೂ ಒಂದೇ ಉತ್ತರ, ನನ್ನದು ಮಾತ್ರ ಜಾಸ್ತಿ. ಮತ್ತೆ ಅಳೆದೆ, ಮತ್ತೆ ಅಷ್ಟೇ. ಆಕೆ ನಗುತ್ತಲೇ ತಮ್ಮ ಕ್ಯಾಲಿಪರ್ ಬಳಸು ಎಂದಳು. ಅಪ್ಪ ಹತ್ತಿರ ಬಂದು ಮೆಲ್ಲಗೆ, "ಹೋಗ್ಲಿ ಬಿಡು ಪುಟ್ಟಿ," ಎಂದರು.

ಅವಮಾನದಿಂದ ಕಣ್ಣು ತುಂಬಿತ್ತು. ಆದರೂ ಬಿಡಲಿಲ್ಲ. ತಪ್ಪು ಶಾಫ್ಟಿನದಲ್ಲ, ನನ್ನ ಕೈಯದೂ ಅಲ್ಲ ಎಂದಾದರೆ ಉಳಿದದ್ದು ಒಂದೇ. ದವಡೆಗಳನ್ನು ಪೂರ್ತಿ ಮುಚ್ಚಿದೆ. ಸೊನ್ನೆ ಬರಬೇಕಾದಲ್ಲಿ ಬರಲಿಲ್ಲ. ಬಿಡಿಸಿ ದೀಪಕ್ಕೆ ಹಿಡಿದು ನೋಡಿದೆ. ಒಂದು ದವಡೆಯ ಒಳಮೈಯಲ್ಲಿ ಒಣಗಿ ಗಟ್ಟಿಯಾದ ಕೆಂಪು ಚುಕ್ಕಿ.

ಅಪ್ಪ ಬಗ್ಗಿ ನೋಡಿದರು. "ನಿಮ್ಮಮ್ಮನ ಕುಂಕುಮ," ಎಂದು ಆ ದಿನ ಮೊದಲ ಸಲ ನಕ್ಕರು. ಕರವಸ್ತ್ರ ತೆಗೆದು ಒರೆಸಿ, ಹೆಬ್ಬೆರಳಲ್ಲೇ ಹಗುರವಾಗಿ ತಳ್ಳಿ ದವಡೆ ಮುಚ್ಚಿದರು, ಸೊನ್ನೆ ಬಂದದ್ದನ್ನು ನೋಡಿ ನನಗೆ ಕೊಟ್ಟರು. ಅವರ ಕೈ ಏನನ್ನೂ ಮರೆತಿರಲಿಲ್ಲ. ಈ ಸಲ ನನ್ನ ಅಳತೆ ಉಳಿದವರ ಅಳತೆಗೆ ಸರಿಹೋಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪನ ಪಕ್ಕ ಕೂತೆ. ಅಪ್ಪ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರಿಸುವವಳು ನಾನು. ಅವರು ಹಗುರವಾಗಿ ತೆಗೆದುಕೊಳ್ಳಬಾರದೆಂದು ಅವತ್ತು ಕನ್ನಡದಲ್ಲೇ ಹೇಳಿದೆ. "ಅಪ್ಪಾ, ನಾನು ಮೆಕ್ಯಾನಿಕಲ್‌ಗೇ ಅಪ್ಲೈ ಮಾಡ್ತೀನಿ." ಅವರು ಬೇಡ ಎನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ. ನಾನು ಅಪ್ಲೈ ಮಾಡಿದೆ.

ಮರುವರ್ಷ, ಮೆಕ್ಯಾನಿಕಲ್ ಓದಲು ಸೇರಿದ್ದ ಆನ್ ಆರ್ಬರಿನಿಂದ ಹಬ್ಬಕ್ಕೆ ಮನೆಗೆ ಬಂದಾಗ ಮತ್ತೆ ಕ್ಯಾಲಿಪರನ್ನು ದೇವರ ಮುಂದಿಟ್ಟೆ. ಅಮ್ಮ ಕುಂಕುಮದ ಬೆರಳು ಚಾಚಿದಳು. ಲ್ಯಾಪ್‌ಟಾಪ್ ಒರೆಸುತ್ತಿದ್ದ ಅಪ್ಪ ತಟ್ಟನೆ ಅವಳ ಕೈ ತಡೆದರು.

"ಅದರ ಬಾಯಿಗೆ ಇಡ್ಬೇಡ ಕಣೆ, ಪೆಟ್ಟಿಗೆಗೆ ಇಡು. ಅದು ಅವಳ ಕೆಲಸದ್ದು."