ಮುನಿರಾಜು ಮಾವ ಹತ್ತಿದ ಶಿಖರ

ಬೆಳಗಿನ ಜಾವ ನಮ್ಮ ಕಟ್ಟಡದ ಮೆಟ್ಟಿಲ ಮೇಲೆ ಭಾರವಾದ ಬೂಟಿನ ಸದ್ದಾದರೆ ಅದು ಮುನಿರಾಜು ಮಾವ. ಬೆನ್ನಿಗೆ ರಾಗಿ ಮೂಟೆ ಬಿಗಿದುಕೊಂಡು ಟೆರೇಸಿನವರೆಗೆ ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದು. ಪಟ್ಟಂದೂರು ಅಗ್ರಹಾರದಲ್ಲಿ ತಾತನ ಹೊಲವಿದ್ದ ಜಾಗದಲ್ಲೇ ಎದ್ದ ಬಾಡಿಗೆ ಕಟ್ಟಡ ಅದು. ಬಾಡಿಗೆಗಿದ್ದ ಐಟಿ ಹುಡುಗರು ಕಣ್ಣುಜ್ಜಿಕೊಂಡು ಬಾಗಿಲು ತೆರೆಯುತ್ತಿದ್ದರು.

"ಅಂಕಲ್, ಲಿಫ್ಟ್ ಇದೆಯಲ್ಲಾ?"

"ನಾನು ಹೋಗೋ ಕಡೆ ಇಲ್ಲ ಕಣಪ್ಪ," ಅನ್ನುತ್ತಿದ್ದರು ಮಾವ, ನಿಲ್ಲದೆ.

ಅವರು ನನ್ನ ಅಮ್ಮನ ತಮ್ಮ. ಪಿಯುಸಿ ಮುಗಿಸಿ ಸೈನ್ಯ ಸೇರಿದವರು. ಹಿಮದ ಗಡಿಯ ಕಾವಲಿಗೆ ಹಾಕಿದಾಗ ಹಗ್ಗ ಹಿಡಿದು ಮಂಜಿನ ಗೋಡೆ ಹತ್ತುವುದನ್ನು ಕಲಿತರು. ಆ ಗೀಳು ಮತ್ತೆ ಬಿಡಲಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ಸೈನ್ಯದ ತಂಡದ ಜೊತೆ ದೊಡ್ಡದೊಂದು ಶಿಖರಕ್ಕೆ ಹೊರಟರು. ಸುದ್ದಿ ಬರುವ ಮೊದಲೇ ಊರಿನ ಹುಡುಗರು ಸರ್ಕಲ್ಲಿನಲ್ಲಿ ಫ್ಲೆಕ್ಸ್ ಕಟ್ಟಿಬಿಟ್ಟರು: 'ಶಿಖರ ಗೆದ್ದ ನಮ್ಮೂರ ವೀರ.'

ಮಾವ ಗೆದ್ದಿರಲಿಲ್ಲ. ತುದಿ ಕಣ್ಣೆದುರಿಗೇ ಇದ್ದಾಗ ಜೊತೆಯ ಸಿಪಾಯಿಗೆ ಹಿಮದ ಬೆಳಕಿಗೆ ಕಣ್ಣು ಕಾಣದಾಯಿತು. ಮಾವ ಅವನನ್ನು ತಮ್ಮ ಸೊಂಟಕ್ಕೆ ಹಗ್ಗದಲ್ಲಿ ಬಿಗಿದುಕೊಂಡು ವಾಪಸ್ ಇಳಿದರು. ಸಿಪಾಯಿಯ ಕಣ್ಣು ಉಳಿಯಿತು. ಮಾವನ ಎರಡು ಕಾಲ್ಬೆರಳು ಚಳಿಗೆ ಕೊಳೆತು ಹೋದವು.

ಕಾಲಿಗೆ ಬ್ಯಾಂಡೇಜ್ ಸುತ್ತಿಕೊಂಡು ಊರಿಗೆ ಬಂದವರು ಆ ಹುಡುಗರನ್ನು ಕರೆಸಿದರು. "ಅದನ್ನ ಇಳಿಸ್ರೋ. ನಾನು ಹತ್ತಿಲ್ಲ."

ಅಜ್ಜಿ ಅಡುಗೆಮನೆಯಿಂದ ಬಂದಳು. "ಇಳಿಸಿ, ಬ್ಯಾರೆ ಬರ್ಸಿ. ಕಣ್ ಕಾಣ್ದೋನ್ನ ಸೊಂಟಕ್ ಕಟ್ಕೊಂಡು ಜೀವ್ಸಯಿತ ಇಳ್ಸವ್ನೆ ನನ್ ಮಗ. ಅಂಗೇ ಬರ್ಸಿ."

ಅಂಗೇ ಬರೆಸಿದರು. ಅದನ್ನು ನೋಡಲೆಂದೇ ನಾನು ಎಷ್ಟೋ ದಿನ ಸ್ಕೂಲಿಗೆ ಸುತ್ತು ದಾರಿಯಲ್ಲಿ ಹೋದೆ.

ನಿವೃತ್ತಿಯಾದ ಮೇಲೆ ನೆಂಟರೆಲ್ಲ ಒಂದೇ ಮಾತು: "ಬಾಡಿಗೆ ಬರ್ತದೆ, ಆರಾಮಾಗಿ ಕೂತ್ಕೊಳ್ಳೋ." ಮಾವ ರಾಗಿ ಮೂಟೆ ಎತ್ತಿಕೊಂಡಿದ್ದು ಆಗಲೇ. ಬೆರಳಿಲ್ಲದ ಪಾದಕ್ಕೆ ಹತ್ತುವುದನ್ನು ಹೊಸದಾಗಿ ಕಲಿಸಬೇಕಿತ್ತು. ನಾನೂ ಒಂದು ದಿನ ಜೊತೆಗೆ ಹತ್ತಿ ಮೂರನೇ ಮಹಡಿಯಲ್ಲಿ ಏದುಸಿರು ಬಿಡುತ್ತ ಕೂತೆ. "ಉಸಿರಿಗಿಂತ ಕಾಲು ಮುಂದೆ ಹೋಗ್ಬಾರ್ದು ಕಣೆ," ಅಂದು ನಾನು ಏಳುವವರೆಗೆ ಕಾದರು.

ಎರಡು ವರ್ಷ ಬಿಟ್ಟು ಅದೇ ಶಿಖರಕ್ಕೆ ಹೋದರು. ಫೋನು ಬಂದಾಗ ನಾನು ಆಫೀಸಿನ ಮೀಟಿಂಗಿನಲ್ಲಿದ್ದೆ. ಹೊರಗೆ ಓಡಿಬಂದೆ.

"ಹತ್ತಿದೆ ಕಣೆ," ಅಂದರು ಮಾವ. ಗಾಳಿಯ ಸದ್ದು ಜೋರಾಗಿತ್ತು. "ಇಳಿದೂ ಬಂದೆ. ನಿಮ್ಮಜ್ಜಿಗೆ ಎರಡನೇದನ್ನ ಮೊದ್ಲು ಹೇಳು."

ಆಮೇಲೆ ಅವರು ಆ ಬೆಟ್ಟಗಳ ಬುಡದಲ್ಲೇ ಉಳಿದರು, ಎಳೆಯ ಸೈನಿಕರಿಗೆ ಹತ್ತುವುದನ್ನು ಕಲಿಸುತ್ತ. ಹೋದ ವರ್ಷ ಒಂದು ಬೆಳಿಗ್ಗೆ ನಿದ್ದೆಯಿಂದ ಏಳಲಿಲ್ಲ. ಊರಿಗೆ ತರೋಣ ಅಂದರು ಎಲ್ಲರೂ. ಅಜ್ಜಿ ಒಪ್ಪಲಿಲ್ಲ. "ಅವ್ನ ಉಡುಗ್ರು ಅಲ್ಲೇ ಅವ್ರೆ. ನಾವೇ ಓಗಾನ."

ಅಲ್ಲಿಯವರೆಗೆ ವಿಮಾನವನ್ನೇ ಹತ್ತದ ಅಜ್ಜಿಯನ್ನು ನಾನೇ ಕರೆದುಕೊಂಡು ಹೋದೆ. ಮಾವನ ಶಿಷ್ಯರೇ ಹೆಗಲು ಕೊಟ್ಟರು. ಎಲ್ಲ ಮುಗಿದ ಮೇಲೆ ಒಬ್ಬ ಹುಡುಗ ತನ್ನ ಜಾಕೆಟ್ಟನ್ನು ಅಜ್ಜಿಗೆ ಹೊದಿಸಿ, ದೂರದಲ್ಲಿ ಮಾವ ಹತ್ತಿದ್ದ ಶಿಖರವನ್ನು ಬೊಟ್ಟು ಮಾಡಿ ತೋರಿಸಿದ. ಅಜ್ಜಿ ಹಣೆಗೆ ಕೈ ಅಡ್ಡ ಹಿಡಿದು, ಕತ್ತೆತ್ತಿ, ಬಹಳ ಹೊತ್ತು ನೋಡಿದಳು.

"ಇಷ್ಟೆತ್ರ ಅಂತ ಅವ್ನು ಒಂದಿನಾನೂ ಯೋಳ್ಲಿಲ್ಲ ಕಣೆ," ಅಂದಳು.